ಮರ ಕಡಿಯದೆ ಕಾಗದ ಆಗುತ್ತದೆಯೆ? ಅಡಿಕೆ ಸಿಪ್ಪೆ, ಬಾಳೆ ಪಟ್ಟೆ, ಬಿದಿರು ಮತ್ತು ಹಳೇ ಬಟ್ಟೆಯ ಲೆಕ್ಕ

ಕಳೆದ ಬೇಸಿಗೆಯಲ್ಲಿ ಸಾಗರದ ಕಡೆಯ ನೆಂಟರ ಮನೆಯಿಂದ ಮದುವೆ ಕರೆಯೋಲೆ ಬಂತು. ದಪ್ಪ ಕಾಗದ. ಅಂಚು ಕತ್ತರಿಸಿದ ಹಾಗಿಲ್ಲ, ಕೈಯಲ್ಲಿ ಹರಿದ ಹಾಗಿದೆ. ಬೆಳಕಿಗೆ ಹಿಡಿದರೆ ಒಳಗೆ ಅಲ್ಲಲ್ಲಿ ಕಂದು ಎಳೆಗಳು ಕಾಣುತ್ತವೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಈ ಕಾಗದಕ್ಕಾಗಿ ಮರ ಕಡಿದಿಲ್ಲ' ಎಂದು ಅಚ್ಚಾಗಿತ್ತು. ನಮ್ಮ ಅತ್ತೆ ಅದನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ, "ಮರ ಇಲ್ದೆ ಕಾಗದ ಹೆಂಗೆ ಮಾಡ್ತಾರೆ ಮಾರಾಯ?" ಎಂದರು. ಆ ಹೊತ್ತಿಗೆ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಓದಿದ್ದು, ಕೇಳಿದ್ದು, ಮನೆಯಲ್ಲೇ ಮಾಡಿ ನೋಡಿದ್ದು ಎಲ್ಲ ಸೇರಿ ಈ ಬರಹ ಆಗಿದೆ.

ಪ್ರಶ್ನೆ ಅತ್ತೆಯದು ಮಾತ್ರ ಅಲ್ಲ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಿದ ಮೇಲೆ ಕಾಗದದ ಚೀಲ, ಲೋಟ, ತಟ್ಟೆ, ಪೊಟ್ಟಣಗಳು ಹೆಚ್ಚಾಗಿವೆ. ಅವುಗಳ ಮೇಲೆ 'ಪರಿಸರಸ್ನೇಹಿ', 'ಮರರಹಿತ' ಎಂಬ ಪದಗಳೂ ಹೆಚ್ಚಾಗಿವೆ. ಇನ್ನು ಶಿವಮೊಗ್ಗ ಸೀಮೆಯವರಿಗೆ ಕಾಗದ ಎಂದರೆ ಅಂಗಡಿಯ ಸರಕಷ್ಟೇ ಅಲ್ಲ. ಹಿತ್ತಲ ಗುಡ್ಡದ ಅಕೇಶಿಯಾ ತೋಪೂ ಕಾಗದದ ಕಥೆಯೇ.

ಕಾಗದದ ಒಳಗೆ ಏನಿದೆ

ಹಳೆಯ ಮಣ್ಣಿನ ಗೋಡೆ ಕೆಡವಿದ್ದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಣ್ಣು ಕಲಸುವಾಗ ಹುಲ್ಲು ಸೇರಿಸಿರುತ್ತಾರೆ. ಹುಲ್ಲಿನ ಎಳೆ ಗೋಡೆಯನ್ನು ಹಿಡಿದಿಡುತ್ತದೆ, ಮಣ್ಣು ಎಳೆಗಳ ನಡುವೆ ತುಂಬಿ ಗಟ್ಟಿಯಾಗುತ್ತದೆ. ಗಿಡದ ಕಾಂಡವೂ ಹಾಗೇ. ಹುಲ್ಲಿನ ಜಾಗದಲ್ಲಿ ಸೆಲ್ಯುಲೋಸ್ ಎಂಬ ನಾರಿನ ಎಳೆಗಳು, ಮಣ್ಣಿನ ಜಾಗದಲ್ಲಿ ಲಿಗ್ನಿನ್ ಎಂಬ ಅಂಟು. ಮರ ನೆಟ್ಟಗೆ ನಿಲ್ಲುವುದು ಈ ಎರಡರ ಬಲದಿಂದ.

ಕಾಗದಕ್ಕೆ ಬೇಕಾಗುವುದು ಎಳೆ. ಅಂಟು ಬೇಡ. ಕಾಗದ ಮಾಡುವ ಕೆಲಸವೆಂದರೆ ಕಾಂಡವನ್ನು ಬೇಯಿಸಿ ಅಂಟನ್ನು ಕರಗಿಸುವುದು, ಬಿಡಿಯಾದ ಎಳೆಗಳನ್ನು ನೀರಿನಲ್ಲಿ ತೇಲಿಸುವುದು, ಜಾಲರಿಯ ಮೇಲೆ ತೆಳ್ಳಗೆ ಸೋಸಿ ಒಣಗಿಸುವುದು. ನೀರಲ್ಲಿ ನೆನೆದ ಈ ಎಳೆಗಳ ಮುದ್ದೆಗೆ ಪಲ್ಪ್ ಎನ್ನುತ್ತಾರೆ, ಕನ್ನಡದಲ್ಲಿ ತಿರುಳು ಎಂದರೂ ನಡೆಯುತ್ತದೆ. ಒಣಗುವಾಗ ಎಳೆಗಳು ತಾವಾಗಿಯೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಗೋಂದು ಹಾಕಬೇಕಿಲ್ಲ. ಹತ್ತಿಯ ಪಂಚೆಯನ್ನು ಹಿಂಡಿ ಗಾಳಿಯಾಡದ ಕಡೆ ಒಣಹಾಕಿದರೆ ಸೆಟೆದುಕೊಂಡು ಗರಿಗರಿಯಾಗುತ್ತದಲ್ಲ, ಅದೂ ಹೆಚ್ಚುಕಡಿಮೆ ಇದೇ ಗುಣ.

ಲಿಗ್ನಿನ್ ಪೂರ್ತಿ ಹೋಗದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಹಳೆಯ ದಿನಪತ್ರಿಕೆಯನ್ನು ನೋಡಿದರೆ ಸಾಕು. ಬಿಸಿಲಿಗೆ ಇಟ್ಟ ಕೆಲವೇ ದಿನಕ್ಕೆ ಹಳದಿಯಾಗುತ್ತದೆ. ಪತ್ರಿಕೆಯ ಕಾಗದದಲ್ಲಿ ಅಂಟನ್ನು ಹೆಚ್ಚು ತೆಗೆದಿರುವುದಿಲ್ಲ.

ಹಾಗಾದರೆ ಎಳೆ ಇರುವ ಯಾವ ಗಿಡದಿಂದ ಬೇಕಾದರೂ ಕಾಗದ ಮಾಡಬಹುದು. ಮರದಲ್ಲಿ ಸೆಲ್ಯುಲೋಸ್ ನೂರಕ್ಕೆ 40ರಿಂದ 50 ಪಾಲು, ಲಿಗ್ನಿನ್ ಸುಮಾರು 20ರಿಂದ 30 ಪಾಲು. ಕಬ್ಬಿನ ಸಿಪ್ಪೆ, ಭತ್ತದ ಹುಲ್ಲುಗಳಲ್ಲಿ ಲಿಗ್ನಿನ್ ಇದಕ್ಕಿಂತ ಕಡಿಮೆ, ಆದ್ದರಿಂದ ಬೇಗ ಬೇಯುತ್ತವೆ. ಹತ್ತಿಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಬರೀ ಸೆಲ್ಯುಲೋಸ್. ಅದನ್ನು ಬೇಯಿಸುವ ಅಗತ್ಯವೇ ಹೆಚ್ಚಿಲ್ಲ.

ಹಾಗಿದ್ದರೆ ಮರವೇ ಯಾಕೆ ಬಂತು

ಕಾಗದ ಮರದಿಂದ ಶುರುವಾದದ್ದಲ್ಲ. ಚೀನಾದ ಆಸ್ಥಾನದ ಅಧಿಕಾರಿ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಕಾಗದ ಮಾಡುವ ಕ್ರಮವನ್ನು ದೊರೆಗೆ ಒಪ್ಪಿಸಿದಾಗ ಬಳಸಿದ್ದು ಮರದ ತೊಗಟೆ, ಸೆಣಬಿನ ನಾರು, ಚಿಂದಿ ಬಟ್ಟೆ, ಹಳೆಯ ಮೀನುಬಲೆ. ಮುಂದಿನ ಸಾವಿರಕ್ಕೂ ಹೆಚ್ಚು ವರ್ಷ ಅರಬ್ಬರು, ಯುರೋಪಿನವರು ಕಾಗದ ಮಾಡಿದ್ದು ಹೆಚ್ಚಾಗಿ ಹಳೇ ಬಟ್ಟೆಯಿಂದಲೇ. 19ನೇ ಶತಮಾನದಲ್ಲಿ ಪತ್ರಿಕೆಗಳು, ಶಾಲೆಗಳು ಹೆಚ್ಚಾದವು, ಚಿಂದಿ ಸಾಲದಾಯಿತು. 1840ರ ದಶಕದಲ್ಲಿ ಮರವನ್ನು ಅರೆದು ತಿರುಳು ತೆಗೆಯುವ ಯಂತ್ರ ಜರ್ಮನಿಯಲ್ಲಿ ಬಂತು. ಅದಾದ ಕೆಲವೇ ದಶಕಗಳಲ್ಲಿ ಮರವನ್ನು ಕ್ಷಾರದಲ್ಲಿ ಬೇಯಿಸುವ ಕ್ರಮವೂ ಬಂತು. ಮರದ ಕಾಗದಕ್ಕೆ ಇನ್ನೂ 200 ವರ್ಷ ತುಂಬಿಲ್ಲ.

ಕಾರ್ಖಾನೆಯವರು ಮರವನ್ನು ಮೆಚ್ಚಲು ಗಟ್ಟಿ ಕಾರಣಗಳಿವೆ. ಮರ ವರ್ಷವಿಡೀ ಸಿಗುತ್ತದೆ, ಮಳೆಯಲ್ಲಿ ಬಿದ್ದಿದ್ದರೂ ಬೇಗ ಕೊಳೆಯುವುದಿಲ್ಲ. ಕಡಿಮೆ ಜಾಗದಲ್ಲಿ ಹೆಚ್ಚು ತೂಕ ಸಾಗಿಸಬಹುದು. ಪರ್ಯಾಯಗಳ ಕಷ್ಟವೆಲ್ಲ ಇಲ್ಲೇ ಇದೆ. ಹುಲ್ಲು, ಸಿಪ್ಪೆ, ಪಟ್ಟೆಗಳು ಒಂದು ಹಂಗಾಮಿನಲ್ಲಿ ರಾಶಿ ಬೀಳುತ್ತವೆ, ಉಳಿದ ತಿಂಗಳು ಇಲ್ಲ. ಲಾರಿ ತುಂಬಿದರೂ ತೂಕ ಬರುವುದಿಲ್ಲ. ಒದ್ದೆಯಾದರೆ ಬೂಸ್ಟು.

ಭದ್ರಾವತಿ ನೋಡಿದ ಮೂರು ಕಚ್ಚಾವಸ್ತು

ಇದೆಲ್ಲ ನಮ್ಮ ಜಿಲ್ಲೆಯಲ್ಲೇ ಕಣ್ಣೆದುರು ನಡೆದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ಎಂಪಿಎಂ. ಅದರ ಸುತ್ತ ಬೆಳೆದ ಬಡಾವಣೆಗೆ ಇಂದಿಗೂ ಪೇಪರ್ ಟೌನ್ ಎಂದೇ ಹೆಸರು. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು, 1980ರ ದಶಕದ ಆರಂಭದಿಂದ ಪತ್ರಿಕೆಗಳಿಗೆ ಬೇಕಾದ ಕಾಗದವನ್ನೂ ಮಾಡತೊಡಗಿತು.

ಮೊದಲು ಅಲ್ಲಿಗೆ ಬರುತ್ತಿದ್ದುದು ಮಲೆನಾಡಿನ ಕಾಡಿನ ಬಿದಿರು. ಬಿದಿರು ಕಡಿಮೆಯಾಗುತ್ತ ಬಂದ ಹಾಗೆ ಬೇರೆ ಮರ ಬೇಕಾಯಿತು. 1980ರಲ್ಲಿ ಶಿವಮೊಗ್ಗ ಮತ್ತು ಸುತ್ತಲಿನ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು ಕಾರ್ಖಾನೆಗೆ 40 ವರ್ಷದ ಗುತ್ತಿಗೆಗೆ ಕೊಟ್ಟರು. ಅಲ್ಲಿ ನೀಲಗಿರಿ ಮತ್ತು ಅಕೇಶಿಯಾ ತೋಪುಗಳು ಎದ್ದವು. ಮೂರನೆಯದು ಕಬ್ಬಿನ ಸಿಪ್ಪೆ. ಕಾರ್ಖಾನೆಗೆ ತನ್ನದೇ ಸಕ್ಕರೆ ಘಟಕ ಇತ್ತು. ಭದ್ರಾ ನಾಲೆಯ ಬಯಲಿನ ರೈತರು ಅಲ್ಲಿಗೆ ಕಬ್ಬು ತರುತ್ತಿದ್ದರು, ರಸ ತೆಗೆದ ಸಿಪ್ಪೆ ಕಾಗದದ ಕಡೆಗೆ ಹೋಗುತ್ತಿತ್ತು.

ಸುಮಾರು 2015ರ ಹೊತ್ತಿಗೆ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. ತೋಪು ಉಳಿಯಿತು. 2020ರಲ್ಲಿ ಗುತ್ತಿಗೆಯ ಅವಧಿ ಮುಗಿದು, ಸರ್ಕಾರ ಅದನ್ನು ಮತ್ತೆ 40 ವರ್ಷಕ್ಕೆ ನವೀಕರಿಸಿದಾಗ 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂಬ ಹೋರಾಟ ಊರೂರಲ್ಲಿ ನಡೆಯಿತು. ಸೊಪ್ಪಿನ ಬೆಟ್ಟ, ಕಾನು ಎಂಬ ದಟ್ಟ ಕಾಡು, ಬ್ಯಾಣ ಎಂಬ ಹುಲ್ಲುಗಾವಲುಗಳನ್ನು ನಂಬಿದ ಜನರಿಗೆ ಒಂದೇ ಜಾತಿಯ ಮರದ ಸಾಲು ಕಾಡಲ್ಲ. ಅಕೇಶಿಯಾದ ಎಲೆ ಬೇಗ ಕೊಳೆಯುವುದಿಲ್ಲ, ದನ ತಿನ್ನುವುದಿಲ್ಲ, ಅದರಡಿ ಬೇರೆ ಗಿಡ ಏಳುವುದು ಕಷ್ಟ. 'ಮರ ಕಡಿದು ಕಾಗದ' ಎಂದಾಗ ನಮಗೆ ಕೊಡಲಿಯೇ ನೆನಪಾಗುತ್ತದೆ. ಮಲೆನಾಡಿನ ಮಟ್ಟಿಗೆ ಕಡಿಯುವುದಕ್ಕಿಂತ ನೆಡುವುದರಲ್ಲೇ ಹೆಚ್ಚಿನ ಸಂಗತಿ ಇದೆ ಎಂಬುದು ನನ್ನ ತಿಳಿವಳಿಕೆ.

ಬಿದಿರು: ಮರವಲ್ಲ, ಹುಲ್ಲು

ಸಸ್ಯಶಾಸ್ತ್ರದ ಪ್ರಕಾರ ಬಿದಿರು ಭತ್ತ, ಕಬ್ಬು, ರಾಗಿಯ ಕುಟುಂಬದ್ದು. ಕಾನೂನಿನಲ್ಲಿ ಮಾತ್ರ ಬಹುಕಾಲ ಅದು ಮರವಾಗಿತ್ತು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಮರಗಳ ಪಟ್ಟಿಯಿಂದ ಬಿದಿರನ್ನು ಕೈಬಿಟ್ಟರು. ಅಂದಿನಿಂದ ಅರಣ್ಯದ ಹೊರಗೆ, ಸ್ವಂತ ಜಮೀನಿನಲ್ಲಿ ಬೆಳೆದ ಬಿದಿರಿಗೆ ಈ ಕಾಯ್ದೆಯ ಮರದ ನಿಯಮ ಅನ್ವಯಿಸುವುದಿಲ್ಲ.

ಬಿದಿರಿನ ಎಳೆ 2–3 ಮಿಲಿಮೀಟರ್ ಉದ್ದ, ನೀಲಗಿರಿಯದು ಸುಮಾರು 1 ಮಿಲಿಮೀಟರ್. ಎಳೆ ಉದ್ದವಿದ್ದಷ್ಟೂ ಕಾಗದ ಸುಲಭಕ್ಕೆ ಹರಿಯುವುದಿಲ್ಲ. ಬುಡ ಬಿಟ್ಟು ಬಲಿತ ಗಳ ಮಾತ್ರ ಕಡಿದರೆ ಮುಂದಿನ ಮಳೆಗೆ ಮತ್ತೆ ಕಳಲೆ ಏಳುತ್ತದೆ. ಕೇಳಲು ಇದಕ್ಕಿಂತ ಒಳ್ಳೆಯ ಪರ್ಯಾಯ ಇಲ್ಲ. ಆದರೆ ಇದೇ ಬಿದಿರು ಪಶ್ಚಿಮ ಘಟ್ಟದಲ್ಲಿ ಹೇಗೆ ಸೋತಿತು ಎಂಬುದನ್ನು ತಿಳಿಯಬೇಕು.

1970ರ ದಶಕದಲ್ಲಿ ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರು ಸಿಗದಾಯಿತು, ಕಾಗದದ ಕಾರ್ಖಾನೆಯ ಮೇಲೆ ದೂರು ಎದ್ದಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಜೊತೆಗಾರರು ಉತ್ತರ ಕನ್ನಡದ ಕಾಡುಗಳಲ್ಲಿ ಇದನ್ನು ಅಧ್ಯಯನ ಮಾಡಿದರು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಗೋಜಲು ಇರುತ್ತದೆ. ಗಳ ಕಡಿಯಲು ಸುಲಭವಾಗಲಿ, ಮೆಳೆ ಚೆನ್ನಾಗಿ ಬೆಳೆಯಲಿ ಎಂದು ಆ ಮುಳ್ಳನ್ನು ಸವರುವ ಕ್ರಮ ಇತ್ತು. ಊರಿನವರು ಬೇಡ ಎನ್ನುತ್ತಿದ್ದರು. ನೋಡಿದರೆ ಊರಿನವರ ಮಾತೇ ಸರಿ: ಎಳೆಯ ಕಳಲೆಯನ್ನು ದನ ಮತ್ತು ಕಾಡುಪ್ರಾಣಿಗಳಿಂದ ಕಾಯುತ್ತಿದ್ದುದೇ ಆ ಮುಳ್ಳು. ಅದು ಹೋದ ಮೇಲೆ ಕಳಲೆ ಏಳುವುದೂ ತಪ್ಪುತ್ತಿರಲಿಲ್ಲ, ಎದ್ದದ್ದು ಮೇವಾಗುವುದೂ ತಪ್ಪುತ್ತಿರಲಿಲ್ಲ. ಮೆಳೆಗಳು ಬಡವಾದವು. ನಮ್ಮ ಹೆಬ್ಬಿದಿರು ಸುಮಾರು 40–45 ವರ್ಷಕ್ಕೊಮ್ಮೆ ಒಟ್ಟಿಗೇ ಹೂ ಬಿಟ್ಟು ಒಣಗಿ ಸಾಯುವ ಜಾತಿ, ಆಗ ಬೀಜದಿಂದ ಏಳುವ ಸಸಿಗೂ ಕಾವಲು ಬೇಕು.

ಅದಕ್ಕೇ ಬಿದಿರಿನ ಕಾಗದ ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಬಿದಿರು ಕಾಡಿನದೋ ಬೇಲಿಯದೋ ಎಂಬುದು. ತೋಟದ ಬೇಲಿಯಲ್ಲಿ, ಹಳ್ಳದ ದಂಡೆಯಲ್ಲಿ ರೈತರು ನೆಟ್ಟ ಬಿದಿರಾದರೆ ಲೆಕ್ಕ ಬೇರೆಯೇ ಆಗುತ್ತದೆ.

ತೋಟದ 'ಕಸ' ಎಷ್ಟು ಕಸ

ಸುಗ್ಗಿಯಲ್ಲಿ ಶಿವಮೊಗ್ಗ, ಭದ್ರಾವತಿ, ಚನ್ನಗಿರಿ ಕಡೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಅಡಿಕೆ ಸಿಪ್ಪೆಯ ರಾಶಿಗಳು ಗೊತ್ತು. ಹಸಿ ಅಡಿಕೆ ಸುಲಿದ ಸಿಪ್ಪೆಯನ್ನು ರಸ್ತೆ ಅಂಚಿಗೆ ಸುರಿಯುತ್ತಾರೆ, ಒಣಗಿದ ಮೇಲೆ ಬೆಂಕಿ ಹಚ್ಚುತ್ತಾರೆ, ಹೊಗೆ ದಿನಗಟ್ಟಲೆ ಹೊರಳುತ್ತದೆ. ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ ಇರುವುದರಿಂದ ರಾಶಿ ಸಣ್ಣದಲ್ಲ. ಇಷ್ಟೊಂದು ನಾರು ಸುಮ್ಮನೆ ಸುಡುತ್ತಿರುವಾಗ ಕಾಗದಕ್ಕೆ ಯಾಕಾಗಬಾರದು?

ಆಗುತ್ತದೆ, ಆದರೆ ಎಲ್ಲ ಬಗೆಯ ಕಾಗದಕ್ಕೆ ಅಲ್ಲ. ಒಂದು ಸಿಪ್ಪೆಯನ್ನು ಕೈಯಲ್ಲಿ ಬಿಡಿಸಿ ನೋಡಿ. ಹೊರಗಿನ ನಾರು ಒರಟು, ಮರದಂತೆ ಗಡಸು. ಒಳಗಿನದು ನಯ, ಗಿಡ್ಡ. ಎರಡೂ ಒಂದೇ ಹೊತ್ತಿಗೆ ಒಂದೇ ಹದಕ್ಕೆ ಬೇಯುವುದಿಲ್ಲ. ಅದರಿಂದ ನುಣುಪಾದ ಬರವಣಿಗೆಯ ಹಾಳೆ ತೆಗೆಯುವುದು ಕಷ್ಟ. ರಟ್ಟು, ಪೊಟ್ಟಣದ ಕಂದು ಕಾಗದ, ಹಣ್ಣು-ಮೊಟ್ಟೆ ಇಡುವ ತಟ್ಟೆಯ ಬಗೆಯ ಅಚ್ಚು ವಸ್ತುಗಳಿಗೆ ಹೆಚ್ಚು ಹೊಂದುತ್ತದೆ. ಬೇರೆ ಉದ್ದ ಎಳೆಯ ನಾರನ್ನೋ ರದ್ದಿಯನ್ನೋ ಬೆರೆಸಿದರೆ ಹಾಳೆಯೂ ಆಗುತ್ತದೆ.

ಇಲ್ಲಿ ಒಂದು ಪದ ಹೇಳಲೇಬೇಕು. ಅಡಿಕೆ ಮರದಿಂದ ಕಳಚಿ ಬೀಳುವುದಕ್ಕೂ ನೋಟ್‌ಬುಕ್ಕಿನ ಪುಟಕ್ಕೂ ಕನ್ನಡದಲ್ಲಿ ಒಂದೇ ಹೆಸರು: ಹಾಳೆ. ತಟ್ಟೆ ಮಾಡುವಾಗ ಈ ಹಾಳೆಯನ್ನು ಬೇಯಿಸಿ ತಿರುಳು ಮಾಡುವುದಿಲ್ಲ. ನೀರಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಲಿಗ್ನಿನ್ ತೆಗೆಯುವ ಕೆಲಸವೇ ಇಲ್ಲದ್ದರಿಂದ ರಾಸಾಯನಿಕವೂ ಇಲ್ಲ, ಕೊಳೆನೀರೂ ಕಡಿಮೆ. ಹಾಳೆ ತಟ್ಟೆ ಕಾಗದ ಅಲ್ಲ, ಆದರೆ ಕಾಗದದ ತಟ್ಟೆಯ ಜಾಗವನ್ನು ಕಾಗದಕ್ಕಿಂತ ಸರಳವಾಗಿ ತುಂಬಿದೆ.

ಬಾಳೆ ಇನ್ನೊಂದು. ಗೊನೆ ಕಡಿದ ಮೇಲೆ ಬಾಳೆ ಗಿಡದ ಕೆಲಸ ಮುಗಿಯಿತು. ಹೂ ಕಟ್ಟಲು, ವೀಳ್ಯದೆಲೆ ಬಳ್ಳಿ ಬಿಗಿಯಲು ನಾವು ಬಳಸುವ ಬಾಳೆ ಪಟ್ಟೆಯ ನಾರು ಉದ್ದ, ಗಟ್ಟಿ, ಹೊಳಪಿನದು. ಬಾಳೆಯ ಹತ್ತಿರದ ನೆಂಟ ಅಬಾಕಾ ಎಂಬ ಗಿಡದ ನಾರಿನಿಂದ ಫಿಲಿಪೀನ್ಸ್‌ನಲ್ಲಿ ಚಹಾ ಪೊಟ್ಟಣದ ಕಾಗದ, ನೋಟಿನ ಕಾಗದಗಳಿಗೆ ಬೇಕಾದ ತಿರುಳು ತಯಾರಾಗುತ್ತದೆ. ಬಾಳೆಯ ತೊಡಕು ನೀರು. ದಿಂಡಿನ ತೂಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ. ಹತ್ತು ಕಿಲೋ ಹೊತ್ತು ತಂದರೆ ಕಾಗದವಾಗುವುದು ಕೆಲವು ನೂರು ಗ್ರಾಂ ಮಾತ್ರ. ದೂರದ ಕಾರ್ಖಾನೆಗೆ ಸಾಗಿಸಿದರೆ ನೀರನ್ನೇ ಲಾರಿಯಲ್ಲಿ ಒಯ್ದಂತೆ. ನಾರು ಬಿಡಿಸುವ ಸಣ್ಣ ಯಂತ್ರ ತೋಟದ ಹತ್ತಿರವೇ ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ.

ಇನ್ನೊಂದು ಮಾತನ್ನು ತೋಟದವರು ಹೇಳದೆ ಬಿಡುವುದಿಲ್ಲ. ಬಾಳೆ ದಿಂಡು ಕಸವಲ್ಲ. ಕೊಚ್ಚಿ ಬುಡಕ್ಕೆ ಹಾಕಿದರೆ ಅದರಲ್ಲಿರುವ ಪೊಟ್ಯಾಶ್ ಮಣ್ಣಿಗೆ ಮರಳುತ್ತದೆ. ಪೂರ್ತಿ ಹೊರಗೆ ಸಾಗಿಸಿದರೆ ಆ ಪೊಟ್ಯಾಶನ್ನು ಚೀಲದಲ್ಲಿ ಕೊಂಡು ತರಬೇಕಾಗುತ್ತದೆ. ನಾರು ಮಾತ್ರ ತೆಗೆದು, ರಸ ಮತ್ತು ಚರಟವನ್ನು ತೋಟಕ್ಕೇ ಬಿಡುವುದು ಸರಿಯಾದ ದಾರಿ. ಭತ್ತದ ಹುಲ್ಲಿನದೂ ಹಾಗೇ. ಪಂಜಾಬಿನ ಗದ್ದೆಯಲ್ಲಿ ಸುಡುವ ಹುಲ್ಲು ನಮ್ಮಲ್ಲಿ ಬಣವೆಯಾಗಿ ಮಳೆಗಾಲದ ಮೇವಾಗುತ್ತದೆ. ಮಲೆನಾಡಿನ ಹುಲ್ಲನ್ನು ಕಾಗದಕ್ಕೆ ಕೊಟ್ಟರೆ ಕೊಟ್ಟಿಗೆಗೆ ಏನು ಹಾಕುವುದು? ಒಂದು ಊರಿನ ಕಸ ಇನ್ನೊಂದು ಊರಿನ ಆಸ್ತಿ.

ಕಬ್ಬಿನ ಸಿಪ್ಪೆಯ ಲೆಕ್ಕವೂ ಇದೇ. ನೂರು ಕಿಲೋ ಕಬ್ಬು ಅರೆದರೆ ಸುಮಾರು 30 ಕಿಲೋ ಒದ್ದೆ ಸಿಪ್ಪೆ ಬರುತ್ತದೆ. ಸಕ್ಕರೆ ಕಾರ್ಖಾನೆಗಳು ಅದನ್ನು ಬಾಯ್ಲರಿಗೆ ಉರುವಲಾಗಿ ಹಾಕುತ್ತವೆ. ಕಾಗದಕ್ಕೆ ಕೊಡಬೇಕಾದರೆ ಬದಲಿ ಉರುವಲು ಬೇಕು. ತಮಿಳುನಾಡಿನ ಕರೂರು ಬಳಿಯ ಸರ್ಕಾರಿ ಕಾಗದ ಕಾರ್ಖಾನೆ 1980ರ ದಶಕದಿಂದ ಕಬ್ಬಿನ ಸಿಪ್ಪೆಯನ್ನು ದೊಡ್ಡ ಪ್ರಮಾಣದಲ್ಲಿ ಬಳಸುತ್ತ ಬಂದಿದೆ. ಅದು ಸಕ್ಕರೆ ಕಾರ್ಖಾನೆಗಳಿಗೆ ಉರುವಲು ಅಥವಾ ಹಬೆ ಒದಗಿಸಿ ಸಿಪ್ಪೆ ಪಡೆಯುವ ಏರ್ಪಾಟು ಮಾಡಿಕೊಂಡಿದೆ. ಆ ಬದಲಿ ಉರುವಲು ಕಲ್ಲಿದ್ದಲಾದರೆ, ಮರ ಉಳಿಸಿದ ಲೆಕ್ಕದ ಎದುರು ಹೊಗೆಯ ಲೆಕ್ಕವನ್ನೂ ಬರೆಯಬೇಕು.

ಚಿಂದಿ, ರದ್ದಿ, ಆನೆ ಲದ್ದಿ

ಅತ್ತೆಯ ಕೈಗೆ ಬಂದ ಕರೆಯೋಲೆಯಂಥ ಕೈಕಾಗದ ಬಹುತೇಕ ಹತ್ತಿ ಬಟ್ಟೆಯ ಚೂರಿನಿಂದ ಆದದ್ದು. ಬನಿಯನ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಬಿಳಿ ಚೂರು ಇದಕ್ಕೆ ಬಹಳ ಒಳ್ಳೆಯದು. ಚೂರುಗಳನ್ನು ನೀರಿನ ತೊಟ್ಟಿಯಲ್ಲಿ ಹಲ್ಲಿನ ಉರುಳೆಯ ಕೆಳಗೆ ಗಂಟೆಗಟ್ಟಲೆ ತಿರುಗಿಸುತ್ತಾರೆ, ಬಟ್ಟೆ ಗಂಜಿಯಂತಾಗುತ್ತದೆ. ಚೌಕಟ್ಟಿನ ಜಾಲರಿಯಲ್ಲಿ ಎತ್ತಿ, ನೀರು ಬಸಿದು, ಬಟ್ಟೆಯ ಮೇಲೆ ಮಗುಚಿ, ಒತ್ತಿ ಒಣಗಿಸುತ್ತಾರೆ. ಕೆಲವರು ಇದರಲ್ಲಿ ತುಳಸಿ, ಚೆಂಡುಹೂವಿನ ಬೀಜ ಸೇರಿಸಿ 'ಬೀಜದ ಕಾಗದ' ಎನ್ನುತ್ತಾರೆ. ಕರೆಯೋಲೆಗೆ, ಪ್ರಮಾಣಪತ್ರಕ್ಕೆ, ಚಿತ್ರ ಬರೆಯಲು ಕೈಕಾಗದ ಸೊಗಸು. ಆದರೆ ಒಂದು ಜಿಲ್ಲೆಯ ಮಕ್ಕಳಿಗೆಲ್ಲ ನೋಟ್‌ಬುಕ್ ಮಾಡುವಷ್ಟು ಅದು ಆಗುವುದಿಲ್ಲ, ಆ ಬೆಲೆಗೆ ಸಿಗುವುದೂ ಇಲ್ಲ.

ಆ ಕೆಲಸ ನಿಜಕ್ಕೂ ಮಾಡುತ್ತಿರುವುದು ರದ್ದಿ. ಭಾರತದಲ್ಲಿ ತಯಾರಾಗುವ ಕಾಗದ ಮತ್ತು ರಟ್ಟಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ರದ್ದಿಯಿಂದಲೇ ಆಗುತ್ತದೆ. ಹಳೇ ಸೀರೆ ಕೌದಿಯಾಗಿ, ಕೌದಿ ಒರೆಸುವ ಬಟ್ಟೆಯಾಗುವ ಹಾಗೆ ಕಾಗದದ ಎಳೆಯೂ ಪ್ರತಿ ಸುತ್ತಿನಲ್ಲಿ ಗಿಡ್ಡವಾಗುತ್ತ ಹೋಗುತ್ತದೆ. ಬರೆಯುವ ಹಾಳೆ ಪತ್ರಿಕೆಯಾಗಿ, ರಟ್ಟಾಗಿ, ಕೊನೆಗೆ ಮೊಟ್ಟೆ ತಟ್ಟೆಯಾಗುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ಸುತ್ತು ಬಾಳುತ್ತದೆ ಎಂಬ ಲೆಕ್ಕ ಇದೆ. ಆದ್ದರಿಂದ ಹೊಸ ಎಳೆ ಎಲ್ಲಿಂದಲಾದರೂ ಸೇರುತ್ತಲೇ ಇರಬೇಕು. ಒದ್ದೆ ಪತ್ರಿಕೆ, ಎಣ್ಣೆ ಅಂಟಿದ ಪೊಟ್ಟಣ ಬೆರೆತರೆ ಒಳ್ಳೆಯ ರದ್ದಿಯೂ ಕೆಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ರದ್ದಿಯನ್ನು ಅಟ್ಟದಲ್ಲಿ ಬೆಚ್ಚಗೆ ಇಡುವುದು ಸಣ್ಣ ಕೆಲಸವಲ್ಲ.

ಆನೆ ಲದ್ದಿಯ ಕಾಗದ ಎಂದರೆ ಹಲವರು ನಗುತ್ತಾರೆ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿರುವ ಸಕ್ರೆಬೈಲು ಬಿಡಾರಕ್ಕೆ ಹೋದಾಗ ಒಣಗಿದ ಲದ್ದಿಯ ಉಂಡೆಯನ್ನು ಒಂದು ಕಡ್ಡಿಯಿಂದ ಒಡೆದು ನೋಡಿ. ಒಳಗೆ ಹುಲ್ಲು, ತೊಗಟೆ, ಬಿದಿರೆಲೆಯ ನಾರು ಹಾಗೇ ಇರುತ್ತದೆ. ಆನೆ ದಿನಕ್ಕೆ 150 ಕಿಲೋ ಆಸುಪಾಸು ಮೇವು ತಿಂದರೂ ಅರ್ಧಕ್ಕಿಂತ ಕಡಿಮೆ ಮಾತ್ರ ಅರಗಿಸಿಕೊಳ್ಳುತ್ತದೆ. ನಾರು ಬಿಡಿಸುವ ಅರ್ಧ ಕೆಲಸ ಅದರ ಹೊಟ್ಟೆಯಲ್ಲೇ ಆಗಿರುತ್ತದೆ. ತೊಳೆದು, ಕುದಿಸಿ, ಅರೆದರೆ ಕಾಗದ. ಶ್ರೀಲಂಕಾ, ಥಾಯ್ಲೆಂಡ್, ರಾಜಸ್ಥಾನಗಳಲ್ಲಿ ಇಂಥ ಕಾಗದ ಮಾಡಿ ಮಾರುತ್ತಾರೆ.

ಕಲ್ಲಿನ ಕಾಗದ

ಮರರಹಿತ ಎಂಬ ಹೆಸರಿನಲ್ಲಿ ಸಿಗುವ ಇನ್ನೊಂದು ಸರಕು ಕಲ್ಲಿನ ಕಾಗದ. ಇದರಲ್ಲಿ ಸುಮಾರು 80 ಪಾಲು ಸುಣ್ಣಕಲ್ಲಿನ ಪುಡಿ, 20 ಪಾಲು ಪಾಲಿಥಿನ್. ನೀರಿಗೆ ಹಾಳಾಗುವುದಿಲ್ಲ, ತಯಾರಿಕೆಗೆ ನೀರೂ ಹೆಚ್ಚು ಬೇಡ. ಆದರೆ ಪುಡಿಯನ್ನು ಹಿಡಿದಿಟ್ಟಿರುವುದು ಪ್ಲಾಸ್ಟಿಕ್ಕು. ಮಣ್ಣಲ್ಲಿ ಕೊಳೆಯುವುದಿಲ್ಲ, ರದ್ದಿಗೆ ಬೆರೆತರೆ ರದ್ದಿಯನ್ನೂ ಕೆಡಿಸುತ್ತದೆ. ಮರ ಉಳಿದರೂ ಪರಿಸರಕ್ಕೆ ಹಿತ ಎನ್ನಲಾಗದ ಸ್ಪಷ್ಟ ಉದಾಹರಣೆ ಇದು. ಚಹಾದ ಕಾಗದದ ಲೋಟದಲ್ಲೂ ಒಳಗೆ ಇಂಥದೇ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ.

ಕಪ್ಪು ನೀರು ಎಲ್ಲಿಗೆ ಹೋಗುತ್ತದೆ

ಯಾವ ಗಿಡದ ನಾರು ಎಂಬುದರಷ್ಟೇ ಮುಖ್ಯವಾದದ್ದು ಅದನ್ನು ಹೇಗೆ ಬೇಯಿಸಿದರು ಎಂಬುದು. ಬೇಯಿಸಲು ಕಾಸ್ಟಿಕ್ ಸೋಡಾದಂಥ ಕ್ಷಾರ ಬೇಕು. ಬೆಂದ ಮೇಲೆ ಉಳಿಯುವ, ಲಿಗ್ನಿನ್ ಕರಗಿದ ನೀರು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿರುತ್ತದೆ. ಮರ ಬಳಸುವ ದೊಡ್ಡ ಕಾರ್ಖಾನೆಗಳು ಈ ಕಪ್ಪು ದ್ರವವನ್ನು ಇಂಗಿಸಿ ಗಟ್ಟಿ ಮಾಡಿ, ಬಾಯ್ಲರಿನಲ್ಲಿ ಉರಿಸಿ, ಶಾಖವನ್ನೂ ಸೋಡಾವನ್ನೂ ಮತ್ತೆ ಪಡೆಯುತ್ತವೆ. ಹುಲ್ಲು ಬೇಯಿಸುವ ಸಣ್ಣ ಘಟಕಗಳಿಗೆ ಈ ಏರ್ಪಾಟು ದುಬಾರಿ.

ಭತ್ತದ ಹುಲ್ಲಿನಲ್ಲಿ ಇನ್ನೊಂದು ತೊಂದರೆ ಇದೆ, ಸಿಲಿಕಾ. ಗದ್ದೆಯಲ್ಲಿ ಭತ್ತದ ಎಲೆ ತಾಗಿ ಕೈ ಗೀರಿದ್ದು ನೆನಪಿದ್ದರೆ, ಆ ಗರಗಸ ಸಿಲಿಕಾದಿಂದ ಆದದ್ದು. ಹುಲ್ಲು ಬೇಯುವಾಗ ಅದೂ ಕರಗಿ, ಆಮೇಲೆ ಕೊಳವೆಗಳ ಒಳಗೆ ಹಂಡೆಯ ತಳದ ಕಿಟ್ಟದಂತೆ ಗಟ್ಟಿಯಾಗಿ ಕೂರುತ್ತದೆ. ಕಪ್ಪು ದ್ರವವನ್ನು ಮರಳಿ ಪಡೆಯುವ ಯಂತ್ರಗಳೇ ಕಟ್ಟಿಕೊಳ್ಳುತ್ತವೆ. ಹಾಗಾಗಿ 'ಹುಲ್ಲಿನ ಕಾಗದ' ಎಂಬ ಒಳ್ಳೆಯ ಹೆಸರಿನ ಹಿಂದೆ, ಶುದ್ಧಿಯಾಗದ ಕಪ್ಪು ನೀರು ಹಳ್ಳಕ್ಕೆ ಸೇರುವ ಅಪಾಯ ಇದ್ದೇ ಇದೆ. ತುಂಗೆ, ಭದ್ರೆ, ಶರಾವತಿಗಳ ಮೇಲ್ದಂಡೆಯಲ್ಲಿ ಇರುವ ನಾವು ಇದನ್ನು ಮೊದಲು ಕೇಳಬೇಕು. ನಮ್ಮಲ್ಲಿಂದ ಇಳಿದ ನೀರನ್ನೇ ಬಯಲಿನವರು ಕುಡಿಯುತ್ತಾರೆ.

ಬಿಳಿ ಬಣ್ಣದ ವಿಷಯವೂ ಇಲ್ಲೇ ಬರುತ್ತದೆ. ಬೆಂದ ತಿರುಳು ಸಹಜವಾಗಿ ಕಂದು. ಬೆಳ್ಳಗೆ ಮಾಡಲು ಹಿಂದೆ ಕ್ಲೋರಿನ್ ಅನಿಲ ಬಳಸುತ್ತಿದ್ದರು, ಅದು ಲಿಗ್ನಿನ್ ಜೊತೆ ಸೇರಿ ಸುಲಭಕ್ಕೆ ನಾಶವಾಗದ ವಿಷವಸ್ತುಗಳನ್ನು ಉಂಟುಮಾಡುತ್ತದೆ. ಈಗ ಹಲವು ಕಾರ್ಖಾನೆಗಳು ಕ್ಲೋರಿನ್ ಅನಿಲ ಬಿಟ್ಟು ಕ್ಲೋರಿನ್ ಡೈಆಕ್ಸೈಡ್, ಆಮ್ಲಜನಕ, ಹೈಡ್ರೋಜನ್ ಪೆರಾಕ್ಸೈಡ್‌ಗಳಿಗೆ ಹೋಗಿವೆ. ಮಕ್ಕಳ ರಫ್ ಬುಕ್ಕು ಹಾಲಿನಂತೆ ಬೆಳ್ಳಗೆ ಇರಲೇಬೇಕೆ ಎಂದು ನಾನು ಅಂಗಡಿಯಲ್ಲಿ ಕೇಳತೊಡಗಿದ್ದೇನೆ. ಸ್ವಲ್ಪ ಕಂದು ಇರುವ, ಬ್ಲೀಚ್ ಮಾಡದ ಪುಸ್ತಕಗಳೂ ಸಿಗುತ್ತವೆ. ಅದರಲ್ಲಿ ಪೆನ್ಸಿಲ್ ಚೆನ್ನಾಗಿಯೇ ಮೂಡುತ್ತದೆ.

ಕಡತ, ಓಲೆ ಮತ್ತು ನಮ್ಮ ಬಚ್ಚಲೊಲೆಯ ಬೂದಿ

ಕಾಗದ ಬರುವ ಮೊದಲು ಮಲೆನಾಡು ಯಾವುದರ ಮೇಲೆ ಬರೆಯುತ್ತಿತ್ತು? ಒಂದು ತಾಳೆಗರಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಅಂಥ ಓಲೆಯ ಕಟ್ಟುಗಳನ್ನು ನೋಡಬಹುದು. ಕರೆಯೋಲೆ ಎಂಬ ಪದದಲ್ಲಿ ಉಳಿದಿರುವುದು ಆ ಓಲೆಯೇ. ಇನ್ನೊಂದು ಕಡತ. ಇಂದು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಉದ್ದನೆಯ ಹತ್ತಿ ಬಟ್ಟೆ. ಹುಣಸೆ ಬೀಜದ ಗಂಜಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಯ ಎರಡೂ ಬದಿಗೆ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದು, ಮಾಸಿದರೆ ಮತ್ತೆ ಬಳಿಯಬಹುದು. ವ್ಯಾಪಾರಿಗಳ ಲೆಕ್ಕ, ಮಠ-ಸಂಸ್ಥಾನಗಳ ವ್ಯವಹಾರ ಎಲ್ಲ ಇದರಲ್ಲೇ ನಡೆಯಿತು. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ.

ಅತ್ತೆಗೆ ಉತ್ತರ ಕೊಡಬೇಕೆಂದು ಆಷಾಢದಲ್ಲಿ ನಾವು ಮನೆಯಲ್ಲೇ ಮಾಡಿ ನೋಡಿದೆವು. ಗೊನೆ ಕಡಿದ ಬಾಳೆಯ ಪಟ್ಟೆಯನ್ನು ಎರಡಂಗುಲದ ಚೂರು ಮಾಡಿದೆವು. ಬಚ್ಚಲೊಲೆಯ ಬೂದಿಯನ್ನು ರಾತ್ರಿ ನೀರಲ್ಲಿ ಕದಡಿಟ್ಟು ಬೆಳಿಗ್ಗೆ ತಿಳಿ ಬಸಿದುಕೊಂಡೆವು. ಬೂದಿಯ ತಿಳಿಯೂ ಕ್ಷಾರವೇ, ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದರು. ಅದರಲ್ಲಿ ಮೂರು ಗಂಟೆ ಕುದಿಸಿದಾಗ ನೀರು ಕಪ್ಪಾಯಿತು, ಚೂರುಗಳು ಬೆರಳಲ್ಲಿ ಹಿಚುಕಿದರೆ ಎಳೆಯಾಗುವಷ್ಟು ಮೆತ್ತಗಾದವು. ನಾಲ್ಕು ನೀರಲ್ಲಿ ತೊಳೆದು, ಒರಳಿನಲ್ಲಿ ಕುಟ್ಟಿ, ಬಕೆಟ್ ನೀರಿಗೆ ಕದಡಿದೆವು. ಹಳೆಯ ಫೋಟೋ ಫ್ರೇಮಿಗೆ ಸೊಳ್ಳೆ ಜಾಲರಿ ಬಿಗಿದು ಮುಳುಗಿಸಿ ಎತ್ತಿದರೆ ಮೇಲೆ ತೆಳ್ಳನೆಯ ಪದರ ನಿಂತಿತು. ಪಂಚೆಯ ಮೇಲೆ ಮಗುಚಿ, ಇನ್ನೊಂದು ಪಂಚೆ ಮುಚ್ಚಿ, ಬೀಸುಕಲ್ಲು ಹೇರಿದೆವು. ಹೊರಗೆ ಜಡಿಮಳೆ. ಅಡಿಕೆ ಒಣಗಿಸುವ ಅಟ್ಟದಲ್ಲಿ ಹೊಗೆಗೆ ಇಟ್ಟರೂ ಒಣಗಲು ನಾಲ್ಕು ದಿನ ಹಿಡಿಯಿತು. ಒಂದು ಬುಟ್ಟಿ ಪಟ್ಟೆಗೆ ಸಿಕ್ಕಿದ್ದು ಒಂಬತ್ತು ಹಾಳೆ.

ಮೊದಲ ಹಾಳೆಯ ಮೇಲೆ ಅತ್ತೆ ಶಾಯಿ ಪೆನ್ನಲ್ಲಿ 'ಶ್ರೀ' ಬರೆದರು. ಶಾಯಿ ಎಳೆ ಹಿಡಿದು ಸುತ್ತ ಹರಡಿ ಅಕ್ಷರವೇ ಅಳಿದುಹೋಯಿತು. ಎಳೆಗಳ ನಡುವಿನ ಸಂದು ಮುಚ್ಚದ ಕಾಗದ ಹೀಗೇ ಶಾಯಿ ಹೀರುತ್ತದೆ. ಕಾರ್ಖಾನೆಗಳಲ್ಲಿ ಪಿಷ್ಟ ಮತ್ತಿತರ ವಸ್ತು ಬೆರೆಸಿ ಆ ಸಂದು ಮುಚ್ಚುತ್ತಾರೆ. ಅತ್ತೆ ಒಂದು ಹಿಡಿ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಗಂಜಿ ಕಾಯಿಸಿದರು. ಎರಡನೆಯ ಹಾಳೆಗೆ ಅದನ್ನು ತೆಳ್ಳಗೆ ಬಳಿದು, ಒಣಗಿದ ಮೇಲೆ ಮತ್ತೆ ಬರೆದರು. ಈ ಸಲ 'ಶ್ರೀ' ಬರೆದ ಹಾಗೇ ನಿಂತಿತು.